ಅಕ್ಕನ ಓಲೆ: ನಾಟಕ ಆಡಿಸುವ ಹೆಣ್ಣುಮಗಳು



ಈ ಸಲ ಬಂದ ಕಾಗದಗಳಲ್ಲಿ ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ಏನು ಮಾಡಬೇಕೆಂದು ಕೇಳಿದವರೇ ಹೆಚ್ಚು. ಅವರಿಗೆಲ್ಲ ಅಡುಗೆ ಪುಟದಲ್ಲಿ ಉತ್ತರ ಸಿಗುತ್ತದೆ. ಆದರೆ ಮದ್ದೂರು ತಾಲ್ಲೂಕಿನ ಆತಗೂರಿನಿಂದ ಬಂದ ಒಂದು ಕಾಗದವನ್ನು ಮಾತ್ರ ನಾನು ಎರಡು ಮೂರು ಬಾರಿ ಓದಿ ಬೇರೆಯಾಗಿ ಎತ್ತಿಟ್ಟುಕೊಂಡೆ. ಬರೆದ ತಾಯಿ ತಮ್ಮ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಾತಿನಲ್ಲೇ ಸ್ವಲ್ಪ ಕೇಳಿ:

"ಅಕ್ಕಾ, ನನ್ನ ಮಗಳು ಮಂಡ್ಯದಲ್ಲಿ ಡಿಗ್ರಿ ಕಡೇ ವರ್ಷ ಓದ್ತಾ ಇದ್ದಾಳೆ. ಹಾಡು ಚೆನ್ನಾಗಿ ಬರುತ್ತೆ. ಕಾಲೇಜಿನಲ್ಲಿ ಎರಡು ನಾಟಕ ಮಾಡಿಸಿದಳು. ಮೊನ್ನೆ ಮೊಬೈಲಿನಲ್ಲಿ ಯಾವುದೋ ಒಪೆರಾ ಅಂತ ತೋರಿಸಿ, 'ಇದನ್ನ ಆಡಿಸಿರೋದು ಒಬ್ಬ ಹೆಂಗಸು ಕಣಮ್ಮ, ದೇಶ ದೇಶ ಸುತ್ತುತ್ತಾಳೆ, ನಾನೂ ನಾಟಕದ ಶಾಲೆಗೆ ಸೇರ್ತೀನಿ' ಅಂದಳು. ನಮ್ಮತ್ತೆ 'ನಾಟಕದೋಳು ಅನ್ನಿಸ್ಕೊಂಡ್ರೆ ಯಾವನು ತಾಳಿ ಕಟ್ತಾನೆ' ಅಂತ ಅವತ್ತಿನಿಂದ ರಾತ್ರಿ ಊಟ ಬಿಟ್ಟಿದ್ದಾರೆ. ಯಜಮಾನರು ಮಾತೇ ಆಡ್ತಿಲ್ಲ. ಒಪೆರಾ ಅಂದ್ರೆ ಏನಕ್ಕಾ? ಆಡಿಸೋದು ಅಂದ್ರೆ ಏನು ಕೆಲಸ? ಮಾನವಂತರ ಮನೆ ಹೆಣ್ಣುಮಗಳು ಮಾಡಬಹುದಾ?"

ಮೂರು ಪ್ರಶ್ನೆ. ಮೂರಕ್ಕೂ ಒಂದೊಂದಾಗಿ ಉತ್ತರ ಹೇಳುತ್ತೇನೆ.

ಒಪೆರಾ ನಿಮಗೆ ಗೊತ್ತಿಲ್ಲದ್ದಲ್ಲ

ಆತಗೂರಿನ ಕಡೆಯವರಿಗೆ ಒಪೆರಾ ಎಂದರೇನೆಂದು ಹೇಳುವುದು ಬಹಳ ಸುಲಭ. ಮಂಡ್ಯ ಸೀಮೆಯಲ್ಲಿ ಹಬ್ಬಕ್ಕೆ, ಜಾತ್ರೆಗೆ ಕುರುಕ್ಷೇತ್ರ ನಾಟಕ ನೋಡದ ಹೆಂಗಸು ಯಾರಿದ್ದಾರೆ ಹೇಳಿ? ರಾತ್ರಿ ಪರದೆ ಎದ್ದರೆ ಕೋಳಿ ಕೂಗುವ ತನಕ ಕೃಷ್ಣ ಹಾಡುತ್ತಾನೆ, ದುರ್ಯೋಧನ ಹಾಡುತ್ತಾನೆ, ಕರ್ಣ ಸಾಯುವಾಗಲೂ ಹಾಡುತ್ತಾನೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲ. ಹಿಂದೆ ಬಾಡಿಗೆಗೆ ತಂದ ಅರಮನೆಯ ಪರದೆ. ನಡುನಡುವೆ 'ಒನ್ಸ್ ಮೋರ್' ಎಂಬ ಕೂಗು. ಒಪೆರಾ ಎಂದರೆ ಇದೇ ಜಾತಿಯದು. ಕಥೆಯನ್ನು ಆಡುತ್ತಾ ಹಾಡುವುದಲ್ಲ, ಹಾಡುತ್ತಲೇ ಆಡುವುದು. ಹೆಚ್ಚಿನ ಒಪೆರಾಗಳಲ್ಲಿ ಬರಿಯ ಮಾತು ಇರುವುದೇ ಇಲ್ಲ ಅಥವಾ ಅತಿ ಕಡಿಮೆ. 'ಬಾಗಿಲು ತೆಗಿ' ಎನ್ನುವುದನ್ನೂ ರಾಗದಲ್ಲೇ ಹೇಳಬೇಕು.

ಈ ಪದ್ಧತಿ ಹುಟ್ಟಿದ್ದು ಇಟಲಿಯಲ್ಲಿ, ನಾನೂರು ವರ್ಷಗಳಿಗೂ ಹಿಂದೆ. ಆ ಭಾಷೆಯಲ್ಲಿ ಒಪೆರಾ ಎಂದರೆ 'ಕೆಲಸ' ಎಂದಷ್ಟೇ ಅರ್ಥ. 1607ರಲ್ಲಿ ಮಾಂಟುವಾ ಎಂಬ ಊರಿನ ಅರಮನೆಯಲ್ಲಿ ಮಾಂಟೆವರ್ಡಿ ಎಂಬ ಸಂಗೀತಗಾರ ಆಡಿಸಿದ 'ಓರ್ಫಿಯೊ' ಇಂದಿಗೂ ಆಡುತ್ತಿರುವ ಒಪೆರಾಗಳಲ್ಲಿ ಬಹಳ ಹಳೆಯದು. ಅದರ ಕಥೆ ಕೇಳಿದರೆ ನಿಮಗೆ ನಮ್ಮ ಸಾವಿತ್ರಿಯ ನೆನಪಾಗುತ್ತದೆ. ಅಲ್ಲಿ ಹೆಂಡತಿ ಸತ್ತಿದ್ದಾಳೆ, ಅವಳನ್ನು ಕರೆತರಲು ಗಂಡ ಹಾಡುತ್ತ ಹಾಡುತ್ತ ಯಮಲೋಕಕ್ಕೆ ಹೋಗುತ್ತಾನೆ. ಹಿಂದಿರುಗಿ ನೋಡಬೇಡ ಎಂದು ಅಪ್ಪಣೆಯಾಗಿದ್ದರೂ ನೋಡಿಬಿಡುತ್ತಾನೆ, ಕೈಗೆ ಬಂದವಳನ್ನು ಮತ್ತೆ ಕಳೆದುಕೊಳ್ಳುತ್ತಾನೆ. ನಮ್ಮ ಸಾವಿತ್ರಿ ಗೆದ್ದು ಬಂದಳು, ಅವರ ಓರ್ಫಿಯೊ ಸೋತು ಬಂದ.

ಇನ್ನೊಂದು ಸಂಗತಿ ಹೇಳಿದರೆ ನಿಮ್ಮ ಅತ್ತೆಯವರಿಗೂ ಆಶ್ಚರ್ಯವಾದೀತು. ನಮ್ಮಲ್ಲಿ ಗಂಡಸರೇ ಸೀರೆಯುಟ್ಟು ದ್ರೌಪದಿಯಾಗುತ್ತಿದ್ದ ಕಾಲವಿತ್ತಲ್ಲ, ಅಲ್ಲಿಯೂ ಹಾಗೇ ಇತ್ತು. ಪೋಪರ ಆಳ್ವಿಕೆಯ ರೋಮ್ ನಗರದಲ್ಲಿ ಹೆಂಗಸರು ರಂಗ ಹತ್ತಕೂಡದೆಂದು ನಿಷೇಧವಿತ್ತು. ಹೆಣ್ಣು ಕಂಠ ಬೇಕೆಂದು ಪಾಪ, ಎಳೆಯ ಗಂಡುಹುಡುಗರಿಗೆ ಶಸ್ತ್ರಕ್ರಿಯೆ ಮಾಡಿಸಿ ದನಿ ಒಡೆಯದಂತೆ ಉಳಿಸಿಕೊಳ್ಳುತ್ತಿದ್ದರು. ಹೆಣ್ಣನ್ನು ದೂರವಿಡಲು ಎಂಥೆಂಥ ಕ್ರೌರ್ಯ ನಡೆದಿದೆ ನೋಡಿ. ಹಾಗಾಗಿ 'ನಾಟಕ ನಮ್ಮಂಥವರಿಗಲ್ಲ' ಎಂಬ ಮಾತು ಆತಗೂರಿನಲ್ಲಿ ಹುಟ್ಟಿದ್ದಲ್ಲ. ಅದು ದೊಡ್ಡ ದೊಡ್ಡ ನಗರಗಳಲ್ಲೂ ಇದ್ದ ಮಾತು.

ಆಡಿಸುವವರ ಕೆಲಸ ಏನು?

ನಮ್ಮ ಹಳ್ಳಿ ನಾಟಕದಲ್ಲಿ ಇದಕ್ಕೆ ಒಬ್ಬರೇ ಯಜಮಾನರು, ಹಾರ್ಮೋನಿಯಂ ಮೇಷ್ಟ್ರು. ಎರಡು ಮೂರು ತಿಂಗಳು ರಾತ್ರಿ ಹೊತ್ತು ಊರಿನ ಗಂಡಸರನ್ನು ಕೂರಿಸಿಕೊಂಡು ಮಟ್ಟು ಹೇಳಿಕೊಟ್ಟು, ಮಾತು ಬಾಯಿಪಾಠ ಮಾಡಿಸಿ, ಗದೆ ಹೇಗೆ ಹಿಡಿಯಬೇಕು, ಯಾವ ಕಡೆಯಿಂದ ಬರಬೇಕು ಎಂದು ತಿದ್ದುವವರು ಅವರೇ.

ಒಪೆರಾದಲ್ಲಿ ಈ ಕೆಲಸವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಒಬ್ಬರು ಸಂಗೀತದ ಮೇಷ್ಟ್ರು. ರಂಗದ ಮುಂದಿನ ಗುಂಡಿಯಲ್ಲಿ ಐವತ್ತು, ಅರವತ್ತು ಮಂದಿ ವಾದ್ಯದವರು ಕುಳಿತಿರುತ್ತಾರೆ, ಅವರೆಲ್ಲರನ್ನೂ ಕೈಯಲ್ಲಿ ಕೋಲು ಹಿಡಿದು ನಡೆಸುವವರು ಅವರು. ಇನ್ನೊಬ್ಬರು ರಂಗದ ನಿರ್ದೇಶಕರು. ಹಾಡುವವಳು ಎಲ್ಲಿ ನಿಲ್ಲಬೇಕು, ಯಾವ ಸಾಲಿಗೆ ಮುಖ ತಿರುಗಿಸಬೇಕು, ಹಿಂದೆ ಹಾಡುವ ಗುಂಪು ಯಾವಾಗ ಒಳಗೆ ಬರಬೇಕು, ದೀಪ ಯಾವಾಗ ಕುಗ್ಗಬೇಕು, ಉಡುಪು ಯಾವ ಕಾಲದ್ದು, ಎಲ್ಲಕ್ಕಿಂತ ಹೆಚ್ಚಾಗಿ ಈ ಕಥೆಯಿಂದ ನೋಡುವವರ ಮನಸ್ಸಿಗೆ ಏನು ಮುಟ್ಟಬೇಕು ಎಂದು ನಿರ್ಧರಿಸುವವರು ಇವರು.

ಇದರಲ್ಲಿ ಒಂದು ಕಷ್ಟವಿದೆ. ಒಪೆರಾ ಹಾಡುವವರು ಸಾಮಾನ್ಯವಾಗಿ ಮೈಕು ಇಟ್ಟುಕೊಳ್ಳುವುದಿಲ್ಲ. ಅಷ್ಟೂ ವಾದ್ಯಗಳ ಸದ್ದನ್ನು ದಾಟಿ ಬರಿಯ ಗಂಟಲಿನಿಂದ ಕಡೆಯ ಸಾಲಿಗೆ ದನಿ ಮುಟ್ಟಿಸಬೇಕು. ಆದ್ದರಿಂದ ಹಾಡುವವಳನ್ನು ಬೆನ್ನು ತಿರುಗಿಸಿ ನಿಲ್ಲಿಸುವಂತಿಲ್ಲ, ಏದುಸಿರು ಬರುವಂತೆ ಓಡಿಸುವಂತಿಲ್ಲ. ಸಂಗೀತದ ಮೇಷ್ಟ್ರ ಕೋಲು ಅವಳ ಕಣ್ಣಿಗೆ ಬೀಳುತ್ತಿರಬೇಕು. ನೋಡುವವರಿಗೆ ಮಾತ್ರ ಇದೊಂದೂ ಗೊತ್ತಾಗಬಾರದು, ಅವಳು ಗಂಡನಿಗಾಗಿ ಅಳುತ್ತಿದ್ದಾಳೆ ಎಂದೇ ಕಾಣಬೇಕು. ಸಂಗೀತ ತಿಳಿಯದವರಿಂದ ಈ ಕೆಲಸ ಆಗದು. ಮನುಷ್ಯರ ಸ್ವಭಾವ ತಿಳಿಯದವರಿಂದಂತೂ ಆಗಲೇ ಆಗದು.

ದೇಶ ದೇಶ ಸುತ್ತುವುದೇಕೆಂದರೆ, ಒಂದು ಒಪೆರಾ ಮನೆಯವರು ಕರೆಸಿ, ಕೆಲವು ವಾರ ತಾಲೀಮು ನಡೆಸಿ, ಆಟ ಕೂರಿಸಿಕೊಳ್ಳುತ್ತಾರೆ. ಆಮೇಲೆ ನಿರ್ದೇಶಕರು ಮುಂದಿನ ಊರಿಗೆ ಹೋಗುತ್ತಾರೆ. ಯಾರು ಯಾವ ಸ್ವರಕ್ಕೆ ಎಷ್ಟು ಹೆಜ್ಜೆ ಇಟ್ಟರು ಎಂಬುದನ್ನೆಲ್ಲ ಸಹಾಯಕರು ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಐದು ವರ್ಷ ಬಿಟ್ಟು ಅದೇ ಆಟ ಆಡಬೇಕಾದರೂ ಆ ಪುಸ್ತಕ ನೋಡಿ ಆಡಿಸುತ್ತಾರೆ. ನಮ್ಮ ಅಜ್ಜಿಯರು ಹುಳಿಪುಡಿಯ ಅಳತೆ ಬರೆದಿಡದೆ ಹೋಗಿಬಿಟ್ಟರಲ್ಲ, ಅವರು ಹಾಗೆ ಮಾಡುವುದಿಲ್ಲ.

ಹೊರಗಿನ ಇಬ್ಬರು

ಜರ್ಮನಿಯಲ್ಲಿ ಬೈರಾಯ್ಟ್ ಎಂಬ ಊರಿದೆ. ಅಲ್ಲಿ ವಾಗ್ನರ್ ಎಂಬ ಸಂಗೀತಗಾರ ತನ್ನ ಒಪೆರಾಗಳಿಗೆಂದೇ ಒಂದು ರಂಗಮಂದಿರ ಕಟ್ಟಿಸಿ 1876ರಲ್ಲಿ ಉತ್ಸವ ಆರಂಭಿಸಿದ. 1883ರಲ್ಲಿ ಆತ ತೀರಿಕೊಂಡ. ಮುಗಿಯಿತು, ಬಾಗಿಲು ಹಾಕುತ್ತಾರೆ ಎಂದುಕೊಂಡವರಿದ್ದರು. ಆತನ ಹೆಂಡತಿ ಕೋಸಿಮಾ ಉತ್ಸವದ ಹೊಣೆಯನ್ನು ತಾನೇ ಹೊತ್ತು, ಒಪೆರಾಗಳನ್ನು ತಾನೇ ಆಡಿಸಿ, 1906ರವರೆಗೆ ನಡೆಸಿದಳು. ಆಕೆಯ ವಿಚಾರಗಳೆಲ್ಲ ಒಪ್ಪತಕ್ಕವಲ್ಲ, ಯೆಹೂದಿಗಳ ಮೇಲೆ ಆ ಮನೆಯವರಿಗಿದ್ದ ದ್ವೇಷ ಕೆಟ್ಟದ್ದು. ಆದರೆ ಹೆಣ್ಣು ಈ ಕೆಲಸ ಮಾಡಲಾರಳು ಎಂಬ ಮಾತಿಗೆ ಉತ್ತರ ಆಗಲೇ ಸಿಕ್ಕಿತ್ತು. ಅದೇ ಮನೆತನದ ಮರಿಮೊಮ್ಮಗಳು ಕಥರಿನಾ 2008ರಿಂದ ಆ ಉತ್ಸವದ ಆಡಳಿತದಲ್ಲಿದ್ದಾಳೆ, ತಾನೂ ಒಪೆರಾ ನಿರ್ದೇಶಿಸುತ್ತಾಳೆ.

ಇನ್ನೊಬ್ಬಳು ಮಾರ್ಗರೆಟ್ ವಾಲ್‌ಮನ್. ನರ್ತಕಿಯಾಗಿದ್ದವಳು. ಒಂದು ಅಪಘಾತದಲ್ಲಿ ಪೆಟ್ಟು ಬಿದ್ದು ಕುಣಿಯುವುದು ನಿಂತಿತು. ಕುಣಿಯಲಾಗದಿದ್ದರೆ ಕುಣಿಸುತ್ತೇನೆ ಎಂದು ಬೇರೆಯವರ ನೃತ್ಯ ಜೋಡಿಸುವ, ಒಪೆರಾ ಆಡಿಸುವ ಕೆಲಸದಲ್ಲೇ ಗಟ್ಟಿಯಾಗಿ ನಿಂತಳು. ವಿಯೆನ್ನಾ ನಗರದ ಒಪೆರಾದಲ್ಲಿ ಕೆಲಸವಿತ್ತು. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಕ್ಕೆ ಕಾಲಿಟ್ಟಾಗ ಯೆಹೂದಿ ಎಂಬ ಕಾರಣಕ್ಕೆ ಆ ಕೆಲಸವೂ ಹೋಯಿತು. ಸಮುದ್ರ ದಾಟಿ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ಸೇರಿದಳು. ಯುದ್ಧ ಮುಗಿದ ಮೇಲೆ ಯೂರೋಪಿಗೆ ಮರಳಿ, ಇಟಲಿಯ ಮಿಲಾನ್ ನಗರದ ಹೆಸರಾಂತ ಲಾ ಸ್ಕಾಲಾ ಮಂದಿರದಲ್ಲಿ 1953ರಲ್ಲಿ 'ಮೆಡಿಯಾ' ಆಡಿಸಿದಳು. ಮುಖ್ಯ ಪಾತ್ರದಲ್ಲಿ ಹಾಡಿದವಳು ಆ ಕಾಲದ ಮಹಾಗಾಯಕಿ ಮರಿಯಾ ಕಲಾಸ್. 1957ರಲ್ಲಿ ಪುಲೆಂಕ್ ಎಂಬ ಸಂಗೀತಗಾರ ಸನ್ಯಾಸಿನಿಯರ ಬಲಿದಾನದ ಮೇಲೆ ಬರೆದ ಹೊಸ ಒಪೆರಾ ಅದೇ ಮಂದಿರದಲ್ಲಿ ಮೊದಲ ಸಲ ರಂಗಕ್ಕೆ ಬಂದಾಗ ಅದನ್ನು ಆಡಿಸಿದವಳೂ ಈಕೆಯೇ. ಕುಣಿತ ಹೋಯಿತು, ಊರು ಹೋಯಿತು, ವಿದ್ಯೆ ಉಳಿಯಿತು.

ಅವರೆಲ್ಲ ದೊರೆಸಾನಿಯರು, ಅವರ ದೇಶವೇ ಬೇರೆ ಅಂತೀರಾ? ಸರಿ, ಹಾಗಾದರೆ ನಮ್ಮವರ ಸುದ್ದಿಗೇ ಬರೋಣ.

ನಮ್ಮ ಮೂವರು

ಗುಬ್ಬಿ ವೀರಣ್ಣನವರ ಹೆಸರು ನಿಮ್ಮ ಅತ್ತೆಯವರಿಗೆ ಖಂಡಿತ ಗೊತ್ತಿರುತ್ತದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ನಾಟಕ ಕಂಪನಿ ಅವರ ಕೈಯಲ್ಲಿ ನಾಡಿಗೇ ದೊಡ್ಡದಾಯಿತು. 1934ರ ಅವರ ಕುರುಕ್ಷೇತ್ರದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗದ ಮೇಲೆ ಬಂದವು. ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ತಂದು, ಅವರಿಗೆ ಹೆಸರು ಬರುವಂತೆ ಮಾಡಿದ ಕಂಪನಿಯೂ ಅದು.

ಆ ವೀರಣ್ಣನವರ ಮಗಳು ಮಾಲತಮ್ಮ. ಮಾಲತಮ್ಮನವರ ಮಗಳು ಬಿ. ಜಯಶ್ರೀ. 1950ರಲ್ಲಿ ಹುಟ್ಟಿದವರು, ಸಣ್ಣ ಮಗುವಾಗಿದ್ದಾಗಲೇ ತಾತನ ಕಂಪನಿಯ ರಂಗ ಹತ್ತಿದವರು. ಬಣ್ಣದ ವಾಸನೆಯಲ್ಲೇ ಬೆಳೆದ ಹುಡುಗಿಗೆ ಇನ್ನೇನು ಕಲಿಯುವುದಿದೆ ಎಂದು ಮನೆಯವರು ಸುಮ್ಮನಾಗಬಹುದಿತ್ತು. ಆದರೆ ಅವರು ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ ಕಟ್ಟುನಿಟ್ಟಾಗಿ ಕಲಿತರು. ಹಿಂದಿರುಗಿ 1976ರಲ್ಲಿ ಬೆಂಗಳೂರಿನಲ್ಲಿ 'ಸ್ಪಂದನ' ಎಂಬ ತಂಡ ಕಟ್ಟಿದರು.

ಅವರು ಮಾಡಿದ ಕೆಲಸದ ಬಗೆ ತಿಳಿಯಬೇಕು. ಕಂಪನಿ ನಾಟಕದ ಹಾಡುಗಳು ಹಳತಾಯಿತು ಎಂದು ಓದಿದವರು ಮೂಗು ಮುರಿಯುತ್ತಿದ್ದ ಕಾಲ. ಜಯಶ್ರೀಯವರು ಆ ಹಾಡುಗಳನ್ನೂ ಜನಪದದ ಕುಣಿತ, ಮಟ್ಟುಗಳನ್ನೂ ದೆಹಲಿಯಲ್ಲಿ ಕಲಿತ ಹೊಸ ಶಿಸ್ತಿನೊಂದಿಗೆ ಕೂಡಿಸಿದರು. 'ಲಕ್ಷಾಪತಿ ರಾಜನ ಕಥೆ', ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ಬಂದ 'ಕರಿಮಾಯಿ' ಇವೆಲ್ಲ ಅವರು ಆಡಿಸಿದವು. ತಾವೇ ಹಾಡುತ್ತಾರೆ, ತಾವೇ ಆಡುತ್ತಾರೆ, ಇಡೀ ತಂಡವನ್ನೂ ನಡೆಸುತ್ತಾರೆ. ಅವರ ದನಿ ನಿಮಗೆ ಗೊತ್ತಿಲ್ಲ ಎನ್ನಬೇಡಿ. 'ನನ್ನ ಪ್ರೀತಿಯ ಹುಡುಗಿ' ಚಿತ್ರದ 'ಕಾರ್ ಕಾರ್' ಹಾಡು ಹಾಡಿದವರು ಅವರೇ. 'ನಾಗಮಂಡಲ' ಚಿತ್ರದ ಕುರುಡವ್ವ ಅವರೇ. ಎಷ್ಟೋ ಸಿನಿಮಾ ನಾಯಕಿಯರಿಗೆ ಪರದೆಯ ಹಿಂದೆ ದನಿ ಕೊಟ್ಟವರೂ ಅವರೇ. ಮೈಸೂರಿನ ರಂಗಾಯಣಕ್ಕೆ ನಿರ್ದೇಶಕಿಯಾಗಿದ್ದರು. 2010ರಲ್ಲಿ ರಾಷ್ಟ್ರಪತಿಗಳಿಂದ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಪದ್ಮಶ್ರೀ ಬಂತು. ನಾಟಕದವರ ಮನೆಯ ಮೊಮ್ಮಗಳು ದೇಶದ ಸಂಸತ್ತಿನಲ್ಲಿ ಕುಳಿತರು. 'ನಾಟಕದೋಳು' ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೆ?

ಎರಡನೆಯವರು ಮೈಸೂರಿನ ಆರ್. ನಾಗರತ್ನಮ್ಮ. ಇವರು ನಾಟಕ ಶಾಲೆಗೆ ಹೋದವರಲ್ಲ, ಕಂಪನಿಗಳಲ್ಲೇ ಪಳಗಿದವರು. 1958ರಲ್ಲಿ 'ಸ್ತ್ರೀ ನಾಟಕ ಮಂಡಳಿ' ಕಟ್ಟಿದರು. ಹೆಸರೇ ಹೇಳುವಂತೆ ಎಲ್ಲ ಪಾತ್ರಗಳೂ ಹೆಂಗಸರದೇ. ಗಂಡಸರು ಸೀರೆ ಉಟ್ಟು ನೂರು ವರ್ಷ ಹೆಣ್ಣಾದರಲ್ಲ, ಈಕೆ ಮೀಸೆ ಬರೆದುಕೊಂಡು ಕಂಸನಾದರು, ರಾವಣನಾದರು, ಭೀಮನಾದರು. ಆ ಘರ್ಜನೆ ಕೇಳಿದವರಿಗೆ ಒಳಗಿರುವುದು ಹೆಂಗಸು ಎಂಬುದೇ ಮರೆತುಹೋಗುತ್ತಿತ್ತು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು.

ಮೂರನೆಯವರ ಕಥೆ ಗೃಹಿಣಿಯರಾದ ನಮಗೆ ಇನ್ನೂ ಹತ್ತಿರದ್ದು. ಕರಾವಳಿಯ ಯಕ್ಷಗಾನದಲ್ಲಿ ಆಟ ನಡೆಸುವವರು ಭಾಗವತರು. ಜಾಗಟೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಅವರು ಪದ ಎತ್ತಿದರೆ ವೇಷ ಕುಣಿಯಬೇಕು, ನಿಲ್ಲಿಸಿದರೆ ನಿಲ್ಲಬೇಕು. ಅಂದರೆ ಸಂಗೀತದ ಮೇಷ್ಟ್ರು, ರಂಗದ ನಿರ್ದೇಶಕರು ಎರಡೂ ಒಬ್ಬರೇ. ಅದು ಗಂಡಸರದೇ ಪೀಠವಾಗಿತ್ತು. ಕಾಸರಗೋಡಿನ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯ ಆ ಪೀಠದಲ್ಲಿ ಕುಳಿತರು. ಶಾಲೆಯ ಓದು ಅವರಿಗೆ ಸಿಕ್ಕಿರಲಿಲ್ಲ, ಶಾಸ್ತ್ರೀಯ ಸಂಗೀತ ಕಲಿತಿದ್ದರು. ಭಾಗವತಿಕೆ ಕಲಿತದ್ದು ಮದುವೆಯಾದ ಮೇಲೆ. ಹೇಳಿಕೊಟ್ಟವರು ಯಾರು ಗೊತ್ತೇ? ಕೈಹಿಡಿದ ಗಂಡ, ಹಿಮ್ಮೇಳದ ಕಲಾವಿದರಾದ ಹರಿನಾರಾಯಣ ಬೈಪಾಡಿತ್ತಾಯರು. ಸಂಸಾರ ತೂಗಿಸಿಕೊಂಡೇ ಮೇಳಗಳ ಜೊತೆ ಊರೂರು ತಿರುಗಿ, ತೆಂಕುತಿಟ್ಟಿನಲ್ಲಿ ವೃತ್ತಿಯಾಗಿ ಹಾಡಿದ ಮೊದಲ ಮಹಿಳಾ ಭಾಗವತರು ಎನಿಸಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಿನಲ್ಲಿ ಅವರು ಕಾಲವಾದರು.

ಮೂವರೂ ಮೂರು ದಾರಿಯಲ್ಲಿ ಬಂದವರು. ಒಬ್ಬರು ಶಾಲೆಯಿಂದ, ಒಬ್ಬರು ಕಂಪನಿಯಿಂದ, ಒಬ್ಬರು ಅಡುಗೆಮನೆಯ ಹೊಸ್ತಿಲು ದಾಟಿ. ಮೂವರಿಗೂ ಹಾಡು ಬರುತ್ತಿತ್ತು, ಮೂವರೂ ಹಾಡಿದ್ದಷ್ಟೇ ಅಲ್ಲ, ಬೇರೆಯವರನ್ನು ನಡೆಸಿದರು. ನಿಮ್ಮ ಮಗಳು ಕೇಳುತ್ತಿರುವುದೂ ಅದನ್ನೇ.

ಮಾನದ ಮಾತು

ಈಗ ಮೂರನೆಯ ಪ್ರಶ್ನೆ. ಮಾನವಂತರ ಮನೆಯ ಹೆಣ್ಣು ಮಾಡಬಹುದೇ?

ತಾಯೀ, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಸರ ಬೇಡ. ನಮ್ಮ ಊರುಗಳ ಕುರುಕ್ಷೇತ್ರದಲ್ಲಿ ಗಂಡು ಪಾತ್ರಗಳನ್ನು ಊರಿನವರು ದುಡ್ಡು ಕಟ್ಟಿ ತೆಗೆದುಕೊಳ್ಳುತ್ತಾರೆ. ಕೃಷ್ಣನ ಪಾತ್ರ ಮಾಡಿದವನಿಗೆ ಊರೆಲ್ಲ ಹಾರ ಹಾಕುತ್ತದೆ, ಅಳಿಯಂದಿರು ಉಂಗುರ ತೊಡಿಸುತ್ತಾರೆ, ಮಾರನೆಯ ದಿನ ಅವನು ಮೀಸೆ ತಿರುವಿಕೊಂಡು ಹೊಲಕ್ಕೆ ಹೋಗುತ್ತಾನೆ. ದ್ರೌಪದಿ, ಕುಂತಿ, ಉತ್ತರೆಯ ಪಾತ್ರಕ್ಕೆ ಮಾತ್ರ ದುಡ್ಡು ಕೊಟ್ಟು ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತೇವೆ. ವಸ್ತ್ರಾಪಹಾರದ ಹೊತ್ತಿನಲ್ಲಿ ಆಕೆ ಕೃಷ್ಣಾ ಎಂದು ಕೂಗಿದರೆ ನಾವೆಲ್ಲ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತೇವೆ. ಬೆಳಗಾದ ಮೇಲೆ ಅದೇ ಹೆಣ್ಣುಮಗಳು ಬಸ್ಸಿಗೆ ಕಾಯುತ್ತ ನಿಂತಿದ್ದರೆ ಅವಳ ಬಗ್ಗೆ ಏನು ಮಾತಾಡುತ್ತೇವೆ? ಒಂದೇ ರಂಗ, ಒಂದೇ ರಾತ್ರಿ, ಒಂದೇ ಬಣ್ಣ. ಆಡಿದ ಗಂಡಸಿಗೆ ಹಾರ, ಆಡಿದ ಹೆಂಗಸಿಗೆ ಅಪವಾದ. ಆ ಅಪವಾದ ನಾಟಕದಿಂದ ಬಂದದ್ದಲ್ಲ, ಚಾಪೆಯ ಮೇಲೆ ಕೂತು ನೋಡುವ ನಮ್ಮಿಂದ ಬಂದದ್ದು. ನಾವು ಬೇರೆಯವರ ಮಗಳಿಗೆ ಕೊಟ್ಟ ಹೆಸರು ಈಗ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿದೆ. ನಿಮ್ಮ ಅತ್ತೆಯವರ ಭಯ ಸುಳ್ಳಲ್ಲ. ಊರಿನ ಬಾಯಿ ಎಂಥದ್ದೆಂದು ಅವರಿಗೆ ಗೊತ್ತು, ಅದಕ್ಕೇ ಹೆದರಿದ್ದಾರೆ. ಅವರ ಮೇಲೆ ಕೋಪ ಮಾಡಬೇಡಿ.

ಹಾಗೆಂದು ಎಲ್ಲವೂ ಹೂವಿನ ಹಾಸಿಗೆ ಎಂದು ನಾನು ಹೇಳುವುದಿಲ್ಲ. ನಾಟಕದಲ್ಲಿ ದುಡ್ಡು ಕಡಿಮೆ, ಅದೂ ತಿಂಗಳು ತಿಂಗಳು ಬರುವಂಥದ್ದಲ್ಲ. ತಾಲೀಮು ರಾತ್ರಿ ತಡವಾಗುತ್ತದೆ. ಜೊತೆಯವರೆಲ್ಲರೂ ಒಳ್ಳೆಯವರೇ ಇರುತ್ತಾರೆಂಬ ಭರವಸೆ ಯಾವ ಉದ್ಯೋಗದಲ್ಲೂ ಇಲ್ಲ, ಇಲ್ಲಿಯೂ ಇಲ್ಲ. ಆಡಿಸುವ ಕೆಲಸವಂತೂ ಕೂಡಲೇ ಸಿಗದು. ಹತ್ತು ವರ್ಷ ಬೇರೆಯವರ ಕೈಕೆಳಗೆ ಪರದೆ ಎಳೆದು, ಸಾಮಾನು ಹೊತ್ತು, ಪಾತ್ರ ಮಾಡಿದ ಮೇಲೆ ನಾಲ್ಕು ಜನ ಮಾತು ಕೇಳುತ್ತಾರೆ. ಮೊಬೈಲಿನಲ್ಲಿ ಕಂಡ ಒಪೆರಾ ಮಂದಿರಕ್ಕೂ ಇಲ್ಲಿಗೂ ನಡುವೆ ಬಹಳ ದೂರವಿದೆ. ಇದನ್ನೆಲ್ಲ ಮಗಳಿಗೆ ಬಿಡಿಸಿ ಹೇಳಿ. ಕೇಳಿದ ಮೇಲೂ ಅವಳ ಮನಸ್ಸು ಅಲ್ಲೇ ನಿಂತರೆ ಅದು ಹುಡುಗಾಟವಲ್ಲ.

ಆಗ ಹೀಗೆ ಮಾಡಿ. ಮೊದಲು ಡಿಗ್ರಿ ಮುಗಿಯಲಿ, ಅದರಲ್ಲಿ ರಾಜಿ ಬೇಡ. ಸಂಗೀತ ಪಾಠ ಬಿಡದಿರಲಿ. ಆಮೇಲೆ ಕಲಿಯುವ ಜಾಗಗಳಿವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್ ಸಂಸ್ಥೆಯ ರಂಗಶಿಕ್ಷಣ ಕೇಂದ್ರ 1980ರಲ್ಲಿ ಆರಂಭವಾದದ್ದು. ಹಳ್ಳಿಯಲ್ಲೇ ಇದ್ದು, ಒಂದು ವರ್ಷದೊಳಗೆ ನಾಟಕದ ಎಲ್ಲ ಕೆಲಸವನ್ನೂ ಕೈಯಾರೆ ಮಾಡಿಸಿ ಕಲಿಸುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠದಲ್ಲೂ ರಂಗಶಾಲೆ ಇದೆ. ನಿಮಗೆ ಹತ್ತಿರದ್ದು ಮೈಸೂರಿನ ರಂಗಾಯಣ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿ ಬೆಳೆಸಿದ್ದು. ಕಾರಂತರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರೇ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು. ಅವರ ಪತ್ನಿ ಪ್ರೇಮಾ ಕಾರಂತರು ಮಕ್ಕಳ ನಾಟಕಗಳನ್ನು ಆಡಿಸಿದರು, 1983ರಲ್ಲಿ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ವನ್ನು ಸಿನಿಮಾ ಮಾಡಿದರು. ಆ ದೆಹಲಿ ಶಾಲೆಯಲ್ಲಿ ಮೂರು ವರ್ಷದ ಓದು, ಆಯ್ಕೆಯಾದವರಿಗೆ ವಿದ್ಯಾರ್ಥಿವೇತನವೂ ಇದೆ. ಅಲ್ಲಿಗೆ ಹೋಗುವ ಮುಂಚೆ ನಮ್ಮ ನಾಡಿನಲ್ಲೇ ಒಂದು ವರ್ಷ ಕಲಿತರೆ ಒಳ್ಳೆಯದು.

ಸೇರಿಸುವ ಮೊದಲು ನೀವೂ ಯಜಮಾನರೂ ಒಟ್ಟಿಗೆ ಹೋಗಿ ನೋಡಿ ಬನ್ನಿ. ಹುಡುಗಿಯರು ಎಲ್ಲಿ ಮಲಗುತ್ತಾರೆ, ರಾತ್ರಿ ತಾಲೀಮು ಮುಗಿದ ಮೇಲೆ ಯಾರು ಕರೆದುಕೊಂಡು ಬರುತ್ತಾರೆ, ಏನಾದರೂ ತೊಂದರೆಯಾದರೆ ಯಾರಿಗೆ ದೂರು ಹೇಳಬೇಕು ಎಂದು ಸಂಕೋಚವಿಲ್ಲದೆ ಕೇಳಿ. ಅಲ್ಲಿ ಕಲಿತು ಹೋದ ಒಬ್ಬಿಬ್ಬರು ಹೆಣ್ಣುಮಕ್ಕಳ ಜೊತೆ ಮಾತಾಡಿ. ಇಷ್ಟು ಕೇಳುವುದು ತಾಯಿಯ ಹಕ್ಕು. ಯಜಮಾನರು ಮಾತು ಬಿಟ್ಟಿದ್ದಾರೆ ಎಂದಿದ್ದೀರಿ. ಜಗಳ ಬೇಡ. ಮೈಸೂರಿನಲ್ಲಿ ಒಂದು ಒಳ್ಳೆಯ ನಾಟಕವಿದ್ದಾಗ ಅತ್ತೆಯವರನ್ನೂ ಕರೆದುಕೊಂಡು ನಾಲ್ವರೂ ಹೋಗಿ ಬನ್ನಿ. ನೂರು ಮಾತಿಗಿಂತ ಅದು ಹೆಚ್ಚು ಕೆಲಸ ಮಾಡೀತು. ಮದುವೆಯ ಮಾತು ಬಂದಾಗ ಮುಚ್ಚಿಡದೆ ಹೇಳಿ. ಕೆಲಸ ಗೊತ್ತಿದ್ದೂ ಒಪ್ಪುವವನೇ ಅವಳಿಗೆ ತಕ್ಕವನು. ಹೆಂಡತಿಗೆ ಭಾಗವತಿಕೆ ಹೇಳಿಕೊಟ್ಟ ಗಂಡಂದಿರೂ ಈ ನಾಡಿನಲ್ಲಿದ್ದರು ಎಂದು ಈಗಷ್ಟೇ ಓದಿದಿರಲ್ಲ.

ಇನ್ನು ಈ ಓಲೆ ಓದುವ ಉಳಿದ ಸೋದರಿಯರಿಗೆ ಒಂದು ಕೆಲಸ. ಮುಂದಿನ ಹಬ್ಬಕ್ಕೆ ನಿಮ್ಮೂರಿನಲ್ಲಿ ನಾಟಕವಾದಾಗ ಹೊರಗಿನಿಂದ ಬರುವ ಕಲಾವಿದೆಯರು ಎಲ್ಲಿ ಸೀರೆ ಬದಲಿಸುತ್ತಾರೆ ಎಂದು ಹೋಗಿ ನೋಡಿ. ಎಷ್ಟೋ ಕಡೆ ಪರದೆಯ ಹಿಂದೆ ಒಂದು ಮೂಲೆ, ನಾಲ್ಕು ಕಡೆ ಇಣುಕುವ ಕಣ್ಣು. ಅಗುಳಿ ಇರುವ ಒಂದು ಕೋಣೆ, ಮುಖದ ಬಣ್ಣ ತೊಳೆಯಲು ಒಂದು ಹಂಡೆ ಬಿಸಿನೀರು, ಬಿಸಿ ಮುದ್ದೆ, ಬಸ್ಸಾರು, ಬೆಳಿಗ್ಗೆ ಬಸ್ಸು ಹತ್ತುವ ತನಕ ಜೊತೆಗೆ ಇಬ್ಬರು ಹೆಂಗಸರು. ಇಷ್ಟನ್ನು ಸ್ತ್ರೀಶಕ್ತಿ ಸಂಘದವರು ಸೇರಿದರೆ ಖರ್ಚಿಲ್ಲದೆ ಮಾಡಬಹುದು. ನಿಮ್ಮೂರಿನಲ್ಲಿ ವಯಸ್ಸಾದ ಕಲಾವಿದೆ ಇದ್ದರೆ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಅರ್ಜಿ ಬರೆದುಕೊಡಿ. ಓದು ಬಂದ ನಮ್ಮಿಂದ ಅಷ್ಟಾದರೂ ಆಗಲಿ.

ಆತಗೂರಿನ ತಾಯಿಗೆ ಕಡೆಯದಾಗಿ ಒಂದು ಮಾತು. ಇವತ್ತು ರಾತ್ರಿ ಅತ್ತೆಯವರ ತಟ್ಟೆಗೆ ಮಗಳ ಕೈಯಿಂದಲೇ ಬಡಿಸಿ. ಬಡಿಸುವಾಗ ಅವಳಿಂದ ಅಜ್ಜಿಗೆ ಇಷ್ಟವಾದ ಒಂದು ಹಳೇ ಕಂಪನಿ ನಾಟಕದ ಹಾಡು ಹಾಡಿಸಿ. ಉಂಡರೆ ನನಗೆ ಬರೆಯಿರಿ, ಉಣ್ಣದಿದ್ದರೂ ಬರೆಯಿರಿ.

ನಿಮ್ಮ ಅಕ್ಕ